ಹದಿನೈದಕ್ಕೂ ಐವತ್ತಕ್ಕೂ ನಡುವಿನ ಕಾರು

ಬೆಂಗಳೂರಿನಲ್ಲಿ ವಿಂಟೇಜ್ ಕಾರುಗಳ ರ‍್ಯಾಲಿ ನಡೆದಾಗಲೆಲ್ಲ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ ನೋಡಿ ಎಂಬುದು ಒಂದು. ನಮ್ಮ ಹದಿನಾರು ವರ್ಷದ ಮಾರುತಿಗೆ ಎಫ್‌ಸಿ ಮಾಡಿಸಲು ಆರ್‌ಟಿಒ ಬಾಗಿಲಿಗೆ ಅಲೆಯಬೇಕು, ದುಡ್ಡಿದ್ದವರ ಎಂಬತ್ತು ವರ್ಷದ ಕಾರಿಗೆ ಮಾತ್ರ ಯಾಕೆ ಈ ಮರ್ಯಾದೆ ಎಂಬುದು ಇನ್ನೊಂದು. ಎರಡನೆಯದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದರಲ್ಲಿ ಹುರುಳು ಕಾಣುತ್ತದೆ.

ಕಾನೂನು ಹೇಳುವುದಿಷ್ಟು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೊದಲು ನೋಂದಣಿಯಾಗಿ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ ಬದಲಾಗದ ಕಾರು, ಬೈಕುಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಅವಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟ್ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ: ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ದಿನಬಳಕೆಗೆ ಅವಕಾಶವಿಲ್ಲ. ಅಂದರೆ ಕಂಡವರು ತಿಳಿದಷ್ಟು ದೊಡ್ಡ ರಿಯಾಯಿತಿಯೇನೂ ಇದಲ್ಲ.

ಆದರೂ ಆಕ್ಷೇಪಗಳು ಸುಳ್ಳಲ್ಲ. ನಮ್ಮ ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದೇ 1995ರಲ್ಲಿ. ಅದಕ್ಕೂ ಹಿಂದಿನ ಕಾರ್ಬೊರೇಟರ್ ಕಾರು ಕಿಲೋಮೀಟರಿಗೆ ಬಿಡುವ ವಿಷಾನಿಲಕ್ಕೂ ಇಂದಿನ ಬಿಎಸ್-6 ಕಾರು ಬಿಡುವುದಕ್ಕೂ ಹೋಲಿಕೆಯೇ ಇಲ್ಲ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಏರ್‌ಬ್ಯಾಗ್ ಇಲ್ಲ, ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟೂ ಇಲ್ಲ. ಇವೆಲ್ಲ ಮ್ಯೂಸಿಯಂನಲ್ಲಿರಲಿ, ರಸ್ತೆಗೇಕೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ಖಾಸಗಿ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ನಿಂತ ರೋಲ್ಸ್ ರಾಯ್ಸ್ ವರ್ಷಕ್ಕೊಂದು ಭಾನುವಾರ ಮಾತ್ರ ಜನರ ಕಣ್ಣಿಗೆ ಬೀಳುತ್ತದೆ.

ವಿಂಟೇಜ್ ಕಾರಿನ ಕ್ಲಬ್ಬುಗಳ ಪರವಾಗಿ ಹೇಳಬೇಕಾದ ಗಟ್ಟಿ ಮಾತಿರುವುದು ಗ್ಯಾರೇಜಿನ ಒಳಗೆ. ನಿಂತ ಎಂಜಿನ್ ಕೆಡುತ್ತದೆ. ಆಯಿಲ್ ಸೀಲ್ ಒಣಗಿ ಬಿರಿಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ, ಟ್ಯಾಂಕಿನೊಳಗೆ ತುಕ್ಕು ಸೇರುತ್ತದೆ. ಮ್ಯೂಸಿಯಂ ಆಕಾರವನ್ನು ಉಳಿಸುತ್ತದೆ, ಓಟವನ್ನು ಉಳಿಸಬೇಕಾದರೆ ಓಡಿಸಲೇಬೇಕು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಿಸುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಪಾರ್ಟ್ಸ್ ಬೇಕೆಂದರೆ ಇನ್ನೊಬ್ಬ ಹೆರಾಲ್ಡ್ ಮಾಲೀಕನನ್ನೇ ಕೇಳಬೇಕು, ಇಲ್ಲವೇ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಅಲ್ಲೂ ಸಿಗದಿದ್ದರೆ ಲೇತ್‌ನಲ್ಲಿ ಕಡೆಸಬೇಕು. ಈ ಹುಡುಕಾಟ ಒಬ್ಬರಿಂದ ಆಗುವಂಥದ್ದಲ್ಲ. ಕ್ಲಬ್ ಎಂಬುದು ಹುಟ್ಟಿದ್ದೇ ಇದಕ್ಕೆ. ಸಿಲ್ವರ್ ಕಪ್ಪು, ಫೋಟೊ ಎಲ್ಲ ಆಮೇಲಿನದು.

ಇದಕ್ಕಿಂತ ದೊಡ್ಡದು ಮೆಕ್ಯಾನಿಕ್‌ನ ಕೈಗುಣ. ಇವತ್ತಿನ ಕಾರಿಗೆ ಸ್ಕ್ಯಾನರ್ ಜೋಡಿಸಿದರೆ ದೋಷ ಪರದೆಯ ಮೇಲೆ ಮೂಡುತ್ತದೆ. ಹಳೆಯ ಕಾರಿನ ಪಾಯಿಂಟ್ ಸೆಟ್ಟಿಂಗ್, ಕಾರ್ಬೊರೇಟರ್ ಟ್ಯೂನಿಂಗ್ ಕಿವಿಯಿಂದ ಆಗುವ ಕೆಲಸ. ತಗಡನ್ನು ಬಡಿದು ಮಡ್‌ಗಾರ್ಡಿನ ತಿರುವನ್ನು ಮತ್ತೆ ತರುವ ಟಿಂಕರ್‌ಗೆ ಅಳತೆಪಟ್ಟಿಗಿಂತ ಅಂಗೈಯೇ ಹೆಚ್ಚು. ಇಂಥ ಕೆಲಸಕ್ಕೆ ಈಗ ಗಿರಾಕಿಗಳೆಂದರೆ ಹೆಚ್ಚಿನ ಮಟ್ಟಿಗೆ ಕಾರು ಸಂಗ್ರಾಹಕರೇ. ಅವರು ಕೈಬಿಟ್ಟರೆ ಆ ವಿದ್ಯೆಯೂ ಮುಗಿಯುತ್ತದೆ. ಶ್ರೀಮಂತರ ಖಯಾಲಿಯಿಂದ ಬಡ ಕುಶಲಕರ್ಮಿಯ ಒಲೆ ಉರಿಯುವುದಾದರೆ ಆ ಖಯಾಲಿಯನ್ನು ನಾನು ಹಗುರವಾಗಿ ಕಾಣಲಾರೆ.

ಹೊಗೆಯ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರವಿದೆ. ವರ್ಷಕ್ಕೆ ಕೆಲವೇ ದಿನ ಹೊರಬರುವ ಕೆಲವೇ ಕಾರುಗಳು ನಗರದ ಗಾಳಿಯನ್ನು ಕೆಡಿಸುವುದಿಲ್ಲ. ಅದನ್ನು ಕೆಡಿಸುವುದು ದಿನವೂ ಓಡುವ ಲಕ್ಷಾಂತರ ವಾಹನಗಳು. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸತೊಡಗಿದ ಮೇಲಂತೂ ಹಳೆಯ ರಬ್ಬರ್ ಹೋಸು, ಸೀಲುಗಳ ಚಿಂತೆಯಿಂದ ಮಾಲೀಕರೇ ಓಡಿಸಲು ಹಿಂದೆಮುಂದೆ ನೋಡುತ್ತಿದ್ದಾರೆ.

ನನ್ನ ನಿಜವಾದ ತಕರಾರಿರುವುದು ಕಾನೂನು ಬಿಟ್ಟಿರುವ ಅಂತರದ ಬಗ್ಗೆ. ಹದಿನೈದು ವರ್ಷ ತುಂಬಿದ ಕಾರು ಕರ್ನಾಟಕದಲ್ಲಿ ನಿಷಿದ್ಧವಲ್ಲ. ಆದರೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ, ಹಸಿರು ತೆರಿಗೆ, ನವೀಕರಣ ಶುಲ್ಕ. ಆ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಗುಜರಿಗೆ ಹಾಕಿದರೆ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿಯ ಆಸೆ ಬೇರೆ. ಹದಿನೈದರಿಂದ ಐವತ್ತರವರೆಗೆ 35 ವರ್ಷ ಈ ಒತ್ತಡ ತಡೆದುಕೊಳ್ಳುವ ಶಕ್ತಿ ಯಾರಿಗಿದೆ? ಜಾಗವೂ ಹಣವೂ ಇದ್ದವರಿಗೆ. ಹಾಗಾಗಿ ಅರಮನೆಯ ಕಾರುಗಳು ಉಳಿಯುತ್ತವೆ. ಮೇಷ್ಟ್ರು, ಡಾಕ್ಟರು, ಅಂಗಡಿಯವರು ಓಡಿಸಿದ ಪದ್ಮಿನಿ, ಹೆರಾಲ್ಡ್‌ಗಳು, ಬೆಂಗಳೂರಿನದೇ ಸಿಪಾನಿ ಕಂಪನಿಯ ಫೈಬರ್ ಮೈಯ ಡಾಲ್ಫಿನ್ ಹೇಳಹೆಸರಿಲ್ಲದೆ ಹೋಗುತ್ತವೆ. ನಮ್ಮ ಮನೆಗಳ ಚರಿತ್ರೆ ಇರುವುದು ಈ ಕಾರುಗಳಲ್ಲಿ.

ವಯಸ್ಸಿನ ಮಿತಿಯನ್ನು ಇಳಿಸಿದರೆ ಲಕ್ಷಗಟ್ಟಲೆ ಹಳೆಯ ಮಾರುತಿ 800ಗಳು ಈ ಬಾಗಿಲಿನಿಂದಲೇ ನುಸುಳುತ್ತವೆ ಎಂಬ ಭಯವೂ ನ್ಯಾಯವಾದದ್ದೇ. ಬ್ರಿಟನ್ನಿನಲ್ಲಿ 40 ದಾಟಿದ ಹೆಚ್ಚಿನ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯೇ ಬೇಕಿಲ್ಲ. ಅದು ನನಗೆ ಒಪ್ಪಿಗೆಯಿಲ್ಲ. ಜರ್ಮನಿಯ ದಾರಿ ಮೇಲು: ಅಲ್ಲಿ 30 ವರ್ಷಕ್ಕೇ ‘ಎಚ್’ ಪ್ಲೇಟ್ ಸಿಗುತ್ತದೆ, ಆದರೆ ಕಾರು ಮೂಲಸ್ಥಿತಿಯಲ್ಲಿದೆ, ಓಡಲು ಯೋಗ್ಯವಾಗಿದೆ ಎಂದು ತಜ್ಞರು ಪರೀಕ್ಷಿಸಿ ಹೇಳಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಕೂಡ 30 ವರ್ಷವನ್ನೇ ಅಳತೆಯಾಗಿ ಇಟ್ಟುಕೊಂಡಿದೆ. ನಮ್ಮಲ್ಲೂ 30ಕ್ಕೆ ಒಂದು ನಡುವಿನ ವರ್ಗ ಬರಲಿ. ದಿನಬಳಕೆಗೆ ನಿರ್ಬಂಧವಿರಲಿ, ಬ್ರೇಕ್, ಹೊಗೆಯ ತಪಾಸಣೆ ತಪ್ಪದಿರಲಿ.

ಇದನ್ನು ಕೇಳಬೇಕಾದವರು ಕ್ಲಬ್ಬಿನವರೇ. ಸರ್ಕಾರದ ಮುಂದೆ ಅವರ ಮಾತು ನಡೆಯುತ್ತದೆ. ತಮ್ಮ ಕಾರಿಗೆ ‘ವಿಎ’ ಪ್ಲೇಟ್ ಸಿಕ್ಕಿತೆಂದು ಅವರು ಸುಮ್ಮನಾಗಬಾರದು. ಡಾಲ್ಫಿನ್ ರಸ್ತೆಗೆ ಬಂದದ್ದು 1982ರಲ್ಲಿ. ಈಗಿನ ನಿಯಮದಲ್ಲಿ ಅದರ ಮೊದಲ ಕಾರಿಗೂ ವಿಂಟೇಜ್ ಮಾನ್ಯತೆ ಸಿಗಲು 2032 ಬರಬೇಕು.