ಬಸವಾಪಟ್ಟಣದ ಕೂಟ, ಲಂಡನ್ನಿನ ಲೇಖನಿ

ರೂಸೋ, ಆಡಂ ಸ್ಮಿತ್, ಕಾಂಟ್ ಮೊದಲಾದ ಹೆಸರುಗಳನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ; ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತಾರೆ. ದೂರದ ಯುರೋಪಿನ ಈ ಚಿಂತಕರಿಗೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಗೂ ಏನು ನಂಟು ಎಂದು ಅವರು ಕೇಳಿದರೆ, ಹಿರಿಯರಾದ ನಾವು ಉತ್ತರಿಸಬಲ್ಲೆವೆ? ನಂಟು ಉಂಟು. ಕಂದಾಯದ ಲೆಕ್ಕದಲ್ಲಿಯೂ ಆಳ್ವಿಕೆಯ ಆಜ್ಞೆಗಳಲ್ಲಿಯೂ ಅದು ನಮ್ಮ ಹಿರಿಯರ ಹೊಲದವರೆಗೆ ಬಂದಿತ್ತು.

ಹದಿನೆಂಟನೆಯ ಶತಮಾನದ ಯುರೋಪನ್ನು ಇತಿಹಾಸಕಾರರು ಜ್ಞಾನೋದಯದ ಯುಗವೆಂದು ಕರೆಯುತ್ತಾರೆ. ಪರರ ಬುದ್ಧಿಗೆ ಜೋತುಬೀಳದೆ ಸ್ವಂತ ವಿವೇಕದಿಂದ ವಿಚಾರಮಾಡುವ ಧೈರ್ಯ ಬೇಕೆಂದು ಕಾಂಟ್ 1784ರಲ್ಲಿ ಬರೆದನು. ವ್ಯಾಪಾರಿಗಳ ಕಂಪನಿಯೊಂದು ರಾಜ್ಯವಾಳುವುದು ಪ್ರಜೆಗಳಿಗೆ ಕೇಡೆಂದು ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಖಂಡಿಸಿದನು. ಪರದೇಶಗಳಿಗೆ ವ್ಯಾಪಾರದ ನೆಪದಲ್ಲಿ ಹೋಗಿ ಅವನ್ನು ಗೆದ್ದುಕೊಳ್ಳುವ ಯುರೋಪಿನವರ ನಡತೆಯನ್ನು ಕಾಂಟ್ 1795ರಲ್ಲಿ ಅನ್ಯಾಯವೆಂದು ಸಾರಿದನು. ಆದುದರಿಂದ ಆ ಯುಗದ ಚಿಂತಕರೆಲ್ಲರೂ ಸಾಮ್ರಾಜ್ಯಶಾಹಿಯ ವಕೀಲರೆಂದು ಹೇಳುವುದು ಸರಿಯಲ್ಲ.

ಆದರೆ ಮುಂದಿನ ತಲೆಮಾರಿನಲ್ಲಿ ಅದೇ ವಿಚಾರ ಬೇರೊಂದು ದಾರಿ ಹಿಡಿಯಿತು. ಜೇಮ್ಸ್ ಮಿಲ್ ಎಂಬಾತನು ಭಾರತಕ್ಕೆ ಕಾಲಿಡದೆಯೇ, ಇಲ್ಲಿಯ ಒಂದು ಭಾಷೆಯನ್ನೂ ಅರಿಯದೆಯೇ ಬ್ರಿಟಿಷ್ ಭಾರತದ ಬೃಹತ್ ಇತಿಹಾಸವನ್ನು ಬರೆದು ಮುಗಿಸಿದನು. ನಾಗರಿಕತೆಯ ಏಣಿಯೊಂದನ್ನು ಕಲ್ಪಿಸಿ, ನಮ್ಮವರನ್ನು ಅದರ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದನು. 1819ರಲ್ಲಿ ಆತನಿಗೆ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗ ದೊರೆಯಿತು. ಮಗ ಜಾನ್ ಸ್ಟುವರ್ಟ್ ಮಿಲ್ ಅದೇ ಕಚೇರಿಯಲ್ಲಿ 1823ರಿಂದ 1858ರವರೆಗೆ ದುಡಿದನು. ದೇಶೀ ಸಂಸ್ಥಾನಗಳ ಪತ್ರವ್ಯವಹಾರದ ಕರಡು ಸಿದ್ಧಪಡಿಸುವುದು ಅವನ ಕೆಲಸವಾಗಿತ್ತು. ವ್ಯಕ್ತಿಸ್ವಾತಂತ್ರ್ಯವನ್ನು ಕುರಿತು 1859ರಲ್ಲಿ ಅವನು ಪ್ರಕಟಿಸಿದ ಗ್ರಂಥ ಲೋಕಪ್ರಸಿದ್ಧ. ಆದರೆ ಈ ತತ್ತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಅದರ ಆರಂಭದಲ್ಲಿಯೇ ಆತನು ಹೇಳಿಬಿಟ್ಟನು!

ಈಗ ನಮ್ಮ ಸೀಮೆಗೆ ಬರೋಣ. ಆಗ ಮೈಸೂರು ಸಂಸ್ಥಾನದಲ್ಲಿ ಶರತ್ತು ಪದ್ಧತಿ ಎಂಬುದೊಂದಿತ್ತು. ಇಷ್ಟು ಕಂದಾಯ ತಂದೇ ತರುವೆನೆಂದು ಅಮಲ್ದಾರನು ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಆ ಭಾರವೆಲ್ಲ ರೈತನ ಬೆನ್ನಿಗೆ ಬೀಳುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. 1830ರಲ್ಲಿ, ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿದರು. ಕಂದಾಯದ ಹೊರೆ ಇಳಿಯಬೇಕು, ಅಧಿಕಾರಿಗಳ ದಬ್ಬಾಳಿಕೆ ನಿಲ್ಲಬೇಕು ಎಂಬುದು ಅವರ ಅಹವಾಲು. ಅದಕ್ಕೆ ನ್ಯಾಯ ದೊರೆಯದಾಗ ಕೂಟ ಬಂಡಾಯವಾಯಿತು. ಕೆಳದಿಯ ವಂಶಜನೆಂದು ಹೇಳಿಕೊಂಡ ಬೂದಿ ಬಸಪ್ಪನೂ ತರೀಕೆರೆಯ ರಂಗಪ್ಪ ನಾಯಕನೂ ಅದರ ಮುಂದಾಳುಗಳಾದರು. 1831ರಲ್ಲಿ ಹೊನ್ನಾಳಿಯ ಕೋಟೆ ಬಂಡಾಯಗಾರರ ಕೈತಪ್ಪಿತು. ಬಂಡಾಯಗಾರರಲ್ಲಿ ಅನೇಕರು ಗಲ್ಲಿಗೇರಿದರು.

ಆಗ ಗವರ್ನರ್ ಜನರಲ್ ಆಗಿದ್ದ ವಿಲಿಯಂ ಬೆಂಟಿಂಕ್, ಬಹುಜನರ ಸುಖವೇ ಆಡಳಿತದ ಗುರಿ ಎಂದು ಬೋಧಿಸಿದ ಬೆಂಥಮನ ಪ್ರಭಾವಕ್ಕೆ ಒಳಗಾದವನು. 1831ರ ಅಕ್ಟೋಬರಿನಲ್ಲಿ ಅವನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡನು. ಪ್ರಜೆಗಳ ಹಿತದ ಮಾತು ಮುಂದಿತ್ತು. ಅದಕ್ಕೆ ಆಧಾರವಾಗಿ ಹಿಡಿದದ್ದು ಮಾತ್ರ 1799ರ ಒಪ್ಪಂದವನ್ನು. ಸಂಸ್ಥಾನ ವರ್ಷಕ್ಕೆ ತೆರಬೇಕಾಗಿದ್ದ ಏಳು ಲಕ್ಷ ವರಹಗಳ ಕಾಣಿಕೆಗೆ ಧಕ್ಕೆ ಬಂದರೆ ಕಂಪನಿ ಕೈಹಾಕಬಹುದೆಂದು ಅದರಲ್ಲಿತ್ತು. ವಿಚಾರಣಾ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಮರುವರ್ಷ ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನು ಅರಸರಿಗೆ ಹಿಂದಿರುಗಿಸಲು ಸೂಚಿಸಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಬಳಿಕ.

ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದು ಭೂಮಾಲೀಕರ ಮತ್ತು ವರ್ತಕರ ಸಭೆಯೇ ಆಗಿದ್ದರೂ, ಪ್ರಜೆಯ ಅಹವಾಲನ್ನು ಸರ್ಕಾರ ಕುಳಿತು ಕೇಳಬೇಕೆಂಬ ಮಾತಿಗೆ ಆಗ ಒಂದು ನೆಲೆ ದೊರೆಯಿತು. ಬಸವಾಪಟ್ಟಣದ ರೈತರು ಮೊದಲು ಬೇಡಿದ್ದೂ ಇದನ್ನೇ ಅಲ್ಲವೆ? ಅವರು ಕಾಂಟನನ್ನು ಓದಿದವರಲ್ಲ. ಆದರೂ ಕಲೆತು ವಿಚಾರಮಾಡಿ, ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಧೈರ್ಯ ಅವರಲ್ಲಿತ್ತು. ವಿವೇಕವು ಯಾವ ಒಂದು ಖಂಡದ ಸ್ವತ್ತೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಯುರೋಪಿನ ಚಿಂತಕರನ್ನು ನಮ್ಮ ಮಕ್ಕಳು ಓದಲಿ, ಮೆಚ್ಚಬೇಕಾದುದನ್ನು ಮೆಚ್ಚಲಿ. ಜೊತೆಗೆ ಒಂದು ಪ್ರಶ್ನೆಯನ್ನು ಕೇಳಲು ಅವರಿಗೆ ಕಲಿಸೋಣ: ಈ ಉದಾತ್ತ ಮಾತು ಯಾರನ್ನು ಹೊರಗಿಟ್ಟಿದೆ? ನಿಮಗೆ ಇನ್ನೂ ಯೋಗ್ಯತೆ ಬಂದಿಲ್ಲ, ನಿಮ್ಮ ಒಳಿತನ್ನು ನಾವೇ ಬಲ್ಲೆವು ಎಂಬ ಮಾತನ್ನು ಕಂಪನಿಯವರಷ್ಟೇ ಆಡಿದವರಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿಗೆ, ಹೊಲದಲ್ಲಿ ಕೂಲಿಯವರಿಗೆ ಅದೇ ಮಾತನ್ನು ಆಡುವವರು ನಮ್ಮೊಳಗೂ ಇದ್ದಾರೆ. ಅಲ್ಲಿಯೂ ಈ ಪ್ರಶ್ನೆ ಕೇಳುವ ಮಕ್ಕಳನ್ನು ಬೆಳೆಸಿದರೆ, ಇತಿಹಾಸವನ್ನು ಓದಿಸಿದ್ದು ಸಾರ್ಥಕವಾದೀತು.