ಕಿಣ್ವಗಳ ಗುರುತಿನ ಲೆಕ್ಕಕ್ಕೂ ಬೇಕು ಅನುದಾನ

ಜೀವಕೋಶದಲ್ಲಿ ಪ್ರೋಟೀನ್ ತಯಾರಾಗಬೇಕಾದರೆ ಪ್ರತಿ ಅಮೈನೋ ಆಮ್ಲವೂ ಅದಕ್ಕೆ ಸಲ್ಲುವ ಟಿಆರ್‌ಎನ್‌ಎ ಎಂಬ ವಾಹಕ ಅಣುವಿನ ಬೆನ್ನೇರಬೇಕು. ಹತ್ತಿಸುವ ಹೊಣೆ ಸಿಂಥಟೇಸ್ ಕಿಣ್ವಗಳದ್ದು. ಟಿಆರ್‌ಎನ್‌ಎಗಳ ಆಕಾರ ಹೆಚ್ಚುಕಡಿಮೆ ಒಂದೇ. ಆದರೂ ಕಿಣ್ವ ತನ್ನದನ್ನು ತಪ್ಪದೆ ಹಿಡಿಯುತ್ತದೆ.

ಹೇಗೆ? 1988ರಲ್ಲಿ ಅಮೆರಿಕದ ಯಾ-ಮಿಂಗ್ ಹೌ ಮತ್ತು ಪಾಲ್ ಶಿಮ್ಮೆಲ್ ಬೆರಗಿನ ಉತ್ತರ ಕೊಟ್ಟರು. ಇ. ಕೋಲಿ ಬ್ಯಾಕ್ಟೀರಿಯಾದ ಅಲನೈನ್ ಟಿಆರ್‌ಎನ್‌ಎಗೆ ಮುಖ್ಯ ಗುರುತು ಅದರ ಸರಪಳಿಯ 3ನೇ ಸ್ಥಾನದ ಜಿ ಮತ್ತು 70ನೇ ಸ್ಥಾನದ ಯು ಎಂಬ ಘಟಕಗಳ ಜೋಡಿ. ಆ ಜೋಡಿಯನ್ನು ಸಿಸ್ಟೀನ್ ಟಿಆರ್‌ಎನ್‌ಎಯಲ್ಲಿ ಕೂರಿಸಿದಾಗ ಅದೂ ಅಲನೈನ್ ಹೊರತೊಡಗಿತು!

ಎಲ್ಲ ಕಿಣ್ವಗಳ ಕಥೆ ಇಷ್ಟು ಸರಳವಲ್ಲ. ಮೆಥಿಯೊನೈನ್ ಹತ್ತಿಸುವ ಕಿಣ್ವ ಗುರುತು ಹಿಡಿಯುವುದು ಒಂದು ತುದಿಯಲ್ಲಿ, ರಾಸಾಯನಿಕ ಕ್ರಿಯೆ ನಡೆಯುವುದು ದೂರದ ಇನ್ನೊಂದು ಕಡೆ. ಗುರುತು ಸಿಕ್ಕ ಸುದ್ದಿ ಅಲ್ಲಿಗೆ ಮುಟ್ಟುವ ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಘೋಷ್ ಮತ್ತು ಸರಸ್ವತಿ ವಿಶ್ವೇಶ್ವರ ಕಂಪ್ಯೂಟರಿನಲ್ಲಿ ಹುಡುಕಿ 2007ರಲ್ಲಿ ಪ್ರಕಟಿಸಿದರು. ಪರಮಾಣುಗಳ ಚಲನೆಯನ್ನು ಅನುಕರಿಸಿ, ಒಂದಕ್ಕೊಂದು ತಾಗುವ ಅಮೈನೋ ಆಮ್ಲಗಳನ್ನು ಜಾಲವಾಗಿ ಜೋಡಿಸಿ, ಆ ಜಾಲದೊಳಗಿನ ಹಾದಿಗಳನ್ನು ಗುರುತಿಸಿದರು.

ಪ್ರಯೋಜನವೇನು ಎಂಬ ಪ್ರಶ್ನೆಗೆ ಔಷಧದಂಗಡಿಯಲ್ಲೇ ಉತ್ತರವಿದೆ. ಚರ್ಮದ ಸೋಂಕಿಗೆ ಹಚ್ಚುವ ಮುಪಿರೋಸಿನ್ ಮುಲಾಮು ಬ್ಯಾಕ್ಟೀರಿಯಾದ ಇಂಥದೇ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇಂಥ ಮೂಲ ಸಂಶೋಧನೆಗೆ ಅನುದಾನವೂ ಬಲವಾದ ಕಂಪ್ಯೂಟರುಗಳೂ ಬೇಕು. ದೊಡ್ಡ ಸಂಸ್ಥೆಗಳಿಗಷ್ಟೇ ಅಲ್ಲ, ರಾಜ್ಯದ ವಿಶ್ವವಿದ್ಯಾಲಯಗಳಿಗೂ ಸರ್ಕಾರ ಅವನ್ನು ಒದಗಿಸಲಿ.