ಹೊಸ ಪತ್ರಿಕೆಗೆ ಓದುಗರೆಲ್ಲಿ?

ಕನ್ನಡದಲ್ಲಿ ಹೊಸದೊಂದು ಸಾಹಿತ್ಯ ಪತ್ರಿಕೆ ಹುಟ್ಟಿದರೆ ಅದನ್ನು ಹರಸುವವರಿಗೆ ಎಂದೂ ಕೊರತೆಯಿಲ್ಲ. ಮೊದಲ ಸಂಚಿಕೆಯ ಬಿಡುಗಡೆಗೆ ಸಭಾಂಗಣ ತುಂಬುತ್ತದೆ. ಹಿರಿಯರು ಶುಭ ಕೋರುತ್ತಾರೆ. ಹಾರ, ಭಾಷಣ, ವಂದನಾರ್ಪಣೆಗಳು ಸಾಂಗವಾಗಿ ಮುಗಿಯುತ್ತವೆ. ಎರಡನೆಯ ಸಂಚಿಕೆ ಹೇಗೋ ಹೊರಬರುತ್ತದೆ. ಮೂರನೆಯದು ತಡವಾಗಿ, ನಾಲ್ಕನೆಯದರೊಡನೆ ಕೂಡಿಕೊಂಡು ‘ಜೋಡಿ ಸಂಚಿಕೆ’ಯಾಗುತ್ತದೆ. ಆಮೇಲೆ ಅದರ ಸುದ್ದಿಯೇ ಇರುವುದಿಲ್ಲ. ಏಕೆ ನಿಂತಿತೆಂದು ವಿಚಾರಿಸಿದರೆ ಸಂಪಾದಕರ ಬಳಿ ಸಿದ್ಧವಾದ ಉತ್ತರವೊಂದಿರುತ್ತದೆ: ‘ಕನ್ನಡದಲ್ಲಿ ಓದುಗರಿಲ್ಲ.’ ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಒಮ್ಮೆ ನಿಧಾನವಾಗಿ ವಿಚಾರ ಮಾಡಿ ನೋಡುವುದು ಒಳ್ಳೆಯದು.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ ಮಂದಿ. ಅದೇ ಗಣತಿಯಂತೆ ಕರ್ನಾಟಕದಲ್ಲಿ ಓದುಬರಹ ಬಲ್ಲವರ ಪ್ರಮಾಣ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಸಮುದಾಯದಲ್ಲಿ ಒಂದು ಪತ್ರಿಕೆಗೆ ಸಾವಿರ ಜನ ಓದುಗರು ಸಿಗಲಿಲ್ಲವೆಂದರೆ ತಪ್ಪನ್ನು ಜನಸಂಖ್ಯೆಯ ಮೇಲೆ ಹೊರಿಸಲಾಗದು. ಆದರೆ ಅಕ್ಷರ ಬಲ್ಲವರೆಲ್ಲ ಓದುಗರಲ್ಲ. ಓದುಗರೆಲ್ಲ ನಮ್ಮ ಪತ್ರಿಕೆಯ ಓದುಗರೂ ಅಲ್ಲ. ಅಕ್ಷರವನ್ನು ಶಾಲೆ ಕಲಿಸೀತು. ಓದಿನ ಅಭಿರುಚಿಯನ್ನು ಮನೆ, ಗೆಳೆಯರು, ಒಳ್ಳೆಯ ಅಧ್ಯಾಪಕರು ಬೆಳೆಸಿಯಾರು. ಇಂಥ ಒಂದು ಪತ್ರಿಕೆಗಾಗಿಯೇ ತಿಂಗಳ ಕೊನೆಯಲ್ಲಿ ಕಾದು ಕುಳಿತುಕೊಳ್ಳುವ ಓದುಗನನ್ನು ಮಾತ್ರ ಆ ಪತ್ರಿಕೆಯೇ ಸೃಷ್ಟಿಸಿಕೊಳ್ಳಬೇಕು. ಬೇರೆ ಯಾರೂ ಅವನನ್ನು ತಂದುಕೊಡಲಾರರು.

ನಮ್ಮ ಪತ್ರಿಕೆಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ‘ಪತ್ರಿಕೆ ಓದುವವನು’ ಎಂಬ ವ್ಯಕ್ತಿಯೇ ಕನ್ನಡನಾಡಿನಲ್ಲಿರಲಿಲ್ಲ. ಪತ್ರಿಕೆ ಮೊದಲು ಬಂತು. ಓದುಗ ಅನಂತರ ಬಂದ. ಮುಂದೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಳಗನಾಥರು ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ ಕಾಲಕ್ಕೆ ಉತ್ತರ ಕರ್ನಾಟಕದ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡ ಮಾತಾಡುವವರೇ ಕನ್ನಡ ಓದಲು ಹಿಂಜರಿಯುತ್ತಿದ್ದ ಕಾಲವದು. ಗಳಗನಾಥರು ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ನಾವು ಇಂದು ಅಭಿಮಾನದಿಂದ, ಬಹುಮಟ್ಟಿಗೆ ಕನಿಕರದಿಂದ, ನೆನೆಯುತ್ತೇವೆ. ಅದರೊಳಗಿನ ವಿವೇಕವನ್ನು ಗಮನಿಸುವುದು ಕಡಮೆ. ಅವರು ಗಂಟನ್ನು ಒಯ್ದದ್ದು ಪುಸ್ತಕ ಕೇಳಿದವರ ಮನೆಗಲ್ಲ, ಕೇಳಲರಿಯದವರ ಮನೆಗೆ. ಒಯ್ದದ್ದೂ ಬರಿಯ ಉಪದೇಶವನ್ನಲ್ಲ. ಓದುಗನನ್ನು ಮುಂದೇನಾಯಿತೆಂದು ಕೇಳುವಂತೆ ಮಾಡುವ ಕಥೆ ಕಾದಂಬರಿಗಳನ್ನು. ಹೊರುವ ಶ್ರಮ ಎಷ್ಟು ಮುಖ್ಯವೋ ಹೊತ್ತ ವಸ್ತುವಿನ ಆಯ್ಕೆಯೂ ಅಷ್ಟೇ ಮುಖ್ಯವಾಗಿತ್ತು.

ಇಂದಿನ ಸಂಪಾದಕರು ‘ಓದುಗರು’ ಎಂದು ಎಣಿಸುವವರನ್ನು ಬಿಡಿಸಿ ನೋಡಿದರೆ ಅವರಲ್ಲಿ ಮೂರು ವರ್ಗ ಕಾಣುತ್ತದೆ. ಮೊದಲನೆಯ ವರ್ಗ ಲೇಖಕರದು. ಗೌರವ ಪ್ರತಿ ಇವರ ಕೈಸೇರುತ್ತದೆ. ಇವರು ತಮ್ಮ ಲೇಖನವನ್ನು ಮೊದಲು ನೋಡುತ್ತಾರೆ. ಪ್ರತಿಸ್ಪರ್ಧಿಯ ಲೇಖನವನ್ನು ಎರಡನೆಯದಾಗಿ ನೋಡುತ್ತಾರೆ. ಉಳಿದದ್ದನ್ನು ಬಿಡುವಾದಾಗ ನೋಡುವೆವೆಂದು ಎತ್ತಿಡುತ್ತಾರೆ. ಎರಡನೆಯ ವರ್ಗ ಸಂಸ್ಥೆಗಳದು: ಗ್ರಂಥಾಲಯ, ಕಾಲೇಜು, ಸರಕಾರದ ಸಗಟು ಖರೀದಿ. ಇಲ್ಲಿ ಪತ್ರಿಕೆ ಮಾರಾಟವಾಗುತ್ತದೆ. ಓದಲ್ಪಡುವುದೋ ಇಲ್ಲವೋ ಕಪಾಟಿಗೇ ಗೊತ್ತು. ಖರೀದಿ ನಿಂತ ವರ್ಷ ಇಂಥ ಪತ್ರಿಕೆ ಕುಸಿದು ಬೀಳುತ್ತದೆ. ಮೂರನೆಯ ವರ್ಗ ಸ್ವಂತ ಹಣ ತೆತ್ತು ಸ್ವಂತ ವಿಳಾಸಕ್ಕೆ ಪತ್ರಿಕೆ ತರಿಸಿಕೊಳ್ಳುವ ಚಂದಾದಾರನದು. ಪತ್ರಿಕೆ ಒಂದು ವಾರ ತಡವಾದರೆ ವಿಚಾರಿಸಿ ಬರೆಯುವವನು ಇವನೊಬ್ಬನೇ. ಮೊದಲೆರಡು ವರ್ಗಗಳಿಂದ ಪಟ್ಟಿ ಉದ್ದವಾಗುತ್ತದೆ. ಆಯುಷ್ಯ ಮಾತ್ರ ಮೂರನೆಯದರಿಂದ ಬರುತ್ತದೆ.

ಈ ಮೂರನೆಯವನನ್ನು ಗಳಿಸುವ ಬಗೆ ಹೇಗೆಂಬುದಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆ ಒಂದು ಉದಾಹರಣೆ. ಜಿ. ಬಿ. ಜೋಶಿಯವರು ಮುಂದಾಗಿ 1933ರಲ್ಲಿ ಆರಂಭವಾದ ಈ ಸಂಸ್ಥೆ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಅವರ ಕೈಗೆ ಪುಸ್ತಕಗಳನ್ನು ತಲುಪಿಸುವ ಕ್ರಮವನ್ನು ಹಿಡಿಯಿತು. ಮುಂದಿನ ಪುಸ್ತಕ ಯಾವುದೆಂದು ಚಂದಾದಾರನಿಗೆ ಪೂರ್ತಿ ತಿಳಿದಿರಬೇಕಾಗಿಲ್ಲ. ಆರಿಸುವವರ ಅಭಿರುಚಿಯಲ್ಲಿ ಅವನಿಗೆ ನಂಬಿಕೆಯಿದ್ದರೆ ಸಾಕು. ಆ ನಂಬಿಕೆಯ ಬಲದಿಂದಲೇ ಹೊಸ ಲೇಖಕನ ಪುಸ್ತಕವನ್ನು ಅಚ್ಚು ಹಾಕಿಸುವ ಧೈರ್ಯ ಪ್ರಕಾಶಕನಿಗೆ ಬರುತ್ತದೆ. ಇಪ್ಪತ್ತಮೂರರ ತರುಣ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಈ ಮಾಲೆಯಲ್ಲಿಯೇ. ಚಂದಾ ಎಂಬುದು ಹೀಗೆ ಬರಿಯ ಮುಂಗಡ ಹಣವಲ್ಲ. ಎರಡು ಕಡೆಯೂ ಹೊಣೆಯಿರುವ ಒಂದು ಒಪ್ಪಂದ. ಓದುಗ ಹಣ ಕೊಟ್ಟು ಕಾಯುತ್ತಾನೆ. ಸಂಪಾದಕ ಹೇಳಿದ ದಿನ ಹೇಳಿದ್ದನ್ನು ಕೊಡುತ್ತಾನೆ. ಈ ಒಪ್ಪಂದವನ್ನು ಮೊದಲು ಮುರಿಯುವವರು ಬಹುತೇಕ ನಾವು, ಬರೆಯುವ ಮತ್ತು ಅಚ್ಚು ಹಾಕಿಸುವ ಮಂದಿಯೇ.

ಹಳೆಯ ಕಾನೂನು ಕೂಡ ಈ ತತ್ತ್ವವನ್ನು ಬಲ್ಲದ್ದಾಗಿತ್ತು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ ರಿಯಾಯಿತಿ ದರಕ್ಕಾಗಿ ನೋಂದಾಯಿಸಿಕೊಳ್ಳುವ ಪತ್ರಿಕೆಗೆ ಎರಡು ಲಕ್ಷಣಗಳನ್ನು ವಿಧಿಸಿತ್ತು: ಸಂಚಿಕೆಗಳ ನಡುವಣ ಅಂತರ 31 ದಿನಗಳನ್ನು ಮೀರಕೂಡದು; ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಬರೆಹದ ಗುಣವನ್ನು ಅಳೆಯುವುದು ಅಂಚೆಯವರ ಕೆಲಸವಲ್ಲ. ಆದರೂ ಕಾಲನಿಷ್ಠೆ ಮತ್ತು ನಿಜವಾದ ಓದುಗ, ಇವೆರಡನ್ನು ಕಾನೂನು ಸರಿಯಾಗಿಯೇ ಗುರುತಿಸಿತ್ತು. ನಮ್ಮ ತ್ರೈಮಾಸಿಕಗಳಲ್ಲಿ ಹಲವು ಮೊದಲ ಲಕ್ಷಣದಲ್ಲಿಯೇ ಹೊರಗುಳಿದವು. ಮಾಸಿಕಗಳಲ್ಲಿ ಹಲವು ಎರಡನೆಯದರಲ್ಲಿ ಸೋತವು.

ಈಚಿನ ವರ್ಷಗಳಲ್ಲಿ ಹೊರಗಿನ ಪರಿಸ್ಥಿತಿ ಬಹಳ ಮಾರ್ಪಟ್ಟಿದೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಸ್ಥಾನದಲ್ಲಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಜಿಲ್ಲಾ ದಂಡಾಧಿಕಾರಿಯ ಮುಂದೆ ಘೋಷಣೆ ಸಲ್ಲಿಸುವ ಹಳೆಯ ಪದ್ಧತಿ ಹೋಗಿ ಅರ್ಜಿ ಈಗ ಅಂತರ್ಜಾಲದ ಮೂಲಕ ಸಾಗುತ್ತದೆ. ಅಂದರೆ ಪತ್ರಿಕೆಯನ್ನು ಹುಟ್ಟಿಸುವುದು ಹಿಂದಿಗಿಂತ ಸುಲಭವಾಗಿದೆ. ತಲುಪಿಸುವ ಮಾತು ಹಾಗಿಲ್ಲ. 2024ರ ಡಿಸೆಂಬರಿನಲ್ಲಿ ನೋಂದಾಯಿತ ಪುಸ್ತಕ ಅಂಚೆಯ ಸೌಲಭ್ಯ ನಿಂತುಹೋಯಿತು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ನಡುವೆ, 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದದ್ದು ನಿಜ. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗ್ರಾಮಿಗೆ 100 ರೂಪಾಯಿ ಎಂಬ ಅದರ ದರ ಪುಸ್ತಕ ಕಳುಹಿಸುವವರಿಗೆ ಸಮಾಧಾನ ತಂದೀತು. ಆದರೆ ಅದು ಶೈಕ್ಷಣಿಕ ಹಾಗೂ ಸಾಂಸ್ಕೃತಿಕ ಮುದ್ರಣಗಳಿಗೆ ಮೀಸಲು; ವಾಣಿಜ್ಯ ಸ್ವರೂಪದವಕ್ಕೂ ಜಾಹೀರಾತುಳ್ಳವಕ್ಕೂ ಅಲ್ಲಿ ಅವಕಾಶವಿಲ್ಲ. ಜಾಹೀರಾತಿನಿಂದ ಕಾಗದದ ಖರ್ಚು ಸರಿದೂಗಿಸುವ ಸಣ್ಣ ಪತ್ರಿಕೆಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಲ್ಲಿ ಕೆಲವರು ಆಕ್ಷೇಪವೆತ್ತುವುದು ಸಹಜ: ‘ಅಂಚೆಯ ಮಾತೇಕೆ? ಈಗ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಇದೆ. ಬರೆದದ್ದು ಬರೆದ ಗಳಿಗೆಯಲ್ಲೇ ಬೆಂಗಳೂರಿಗೂ ಬೀದರಿಗೂ ಅಮೆರಿಕಕ್ಕೂ ಮುಟ್ಟುತ್ತದೆಯಲ್ಲ?’ ಮುಟ್ಟುತ್ತದೆ, ಸಂದೇಹವಿಲ್ಲ. ಪರದೇಶದ ಕನ್ನಡಿಗರಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮುಟ್ಟುವುದೇ ಬೇರೆ, ನಾಟುವುದೇ ಬೇರೆ. ಹಿಂದೆ ಪತ್ರಿಕೆಯ ಅಭಾವವಿತ್ತು, ಓದುಗನಿಗೆ ಹೊತ್ತಿತ್ತು. ಇಂದು ಓದುವ ಸಾಮಗ್ರಿ ಮಿತಿಮೀರಿದೆ, ಹೊತ್ತಿಗೆ ಬರ ಬಂದಿದೆ. ಇಂಥ ಕಾಲದಲ್ಲಿ ಒಮ್ಮೆ ಕಣ್ಣು ಹಾಯಿಸಿ ಹೋದ ಹತ್ತು ಸಾವಿರ ಜನರ ಲೆಕ್ಕ ಸಂಪಾದಕನ ಅಹಂಕಾರವನ್ನು ತಣಿಸೀತೇ ಹೊರತು ಪತ್ರಿಕೆಗೆ ಬೇರು ಕೊಡಲಾರದು. ಮರಳಿ ಬಂದವರೆಷ್ಟು, ಮೂರನೆಯ ಸಲ ತಾವಾಗಿ ಹುಡುಕಿಕೊಂಡು ಬಂದವರೆಷ್ಟು ಎಂದು ಕೇಳಬೇಕು. ಕಾಗದವಾದರೇನು, ಗಾಜಿನ ಪರದೆಯಾದರೇನು, ಈ ಪ್ರಶ್ನೆಯಿಂದ ಯಾರಿಗೂ ಬಿಡುಗಡೆಯಿಲ್ಲ.

ಓದುಗರನ್ನು ಗಳಿಸುವುದು ಕೇವಲ ಹಣಕಾಸಿನ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ದಾನಿಯೊಬ್ಬರು ಸಿಕ್ಕಿದ್ದರೆ ಸಾಕಾಗುತ್ತಿತ್ತು. ಇದು ಸಾಹಿತ್ಯದ ಪ್ರಶ್ನೆಯೂ ಹೌದು. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನು ಬಿಟ್ಟು ಓದುಗನ ಕಾಸನ್ನೇ ನಂಬಿ ನಿಂತಿತು. ಅದರ ರಾಜಕೀಯವನ್ನು ಒಪ್ಪದವರೂ ಒಂದು ಸಂಗತಿಯನ್ನು ಒಪ್ಪಬೇಕು: ಸಾಹಿತ್ಯಗೋಷ್ಠಿಗಳ ಬಾಗಿಲನ್ನು ಎಂದೂ ತಟ್ಟದವರು ಆ ಪತ್ರಿಕೆಯನ್ನು ಓದಿದರು. ಹಾಗೆ ಓದಿದವರಿಂದ ಬರೆಯುವವರು ಹುಟ್ಟಿಕೊಂಡರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು ಅಲ್ಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಅನುವಾದಕಿ ದೀಪಾ ಭಾಸ್ತಿಯವರೊಡನೆ ಹಂಚಿಕೊಂಡ ಬಾನು ಮುಷ್ತಾಕ್ ಅದೇ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವರು. ಪ್ರಶಸ್ತಿ ಬಂದ ದಿನ ನಾಡೆಲ್ಲ ಹಿಗ್ಗಿತು. ಅಂಥ ಕತೆಗಾರ್ತಿಯರು ಬರೆಯತೊಡಗಿದಾಗ ಅವರಿಗೊಂದು ಪುಟವೂ, ಆ ಪುಟಕ್ಕೆ ಓದುಗರೂ ಬೇಕಾಗಿದ್ದರೆಂಬುದನ್ನು ಮಾತ್ರ ಕೆಲವರೇ ನೆನೆದರು. ಲೇಖಕರೇ ಲೇಖಕರನ್ನು ಓದುವ ಪತ್ರಿಕೆಯಲ್ಲಿ ಹೊಸ ಲೋಕಾನುಭವ ಬರುವ ದಾರಿಯೆಲ್ಲಿ? ಅಲ್ಲಿ ಬರುವುದು ಹಳೆಯ ಅನುಭವದ ಹೊಸ ವ್ಯಾಖ್ಯಾನ ಮಾತ್ರ.

ಹಾಗೆಂದು ಪ್ರತಿಯೊಂದು ಪತ್ರಿಕೆಯೂ ಲಕ್ಷಾಂತರ ಜನರನ್ನು ಮುಟ್ಟಬೇಕೆಂಬುದು ಅಭಿಪ್ರಾಯವಲ್ಲ. ಅಡಿಗರ ‘ಸಾಕ್ಷಿ’, ಅನಂತಮೂರ್ತಿಯವರ ‘ರುಜುವಾತು’, 2005ರಲ್ಲಿ ವಿವೇಕ ಶಾನಭಾಗರು ಆರಂಭಿಸಿದ ‘ದೇಶ ಕಾಲ’ ಇವೆಲ್ಲ ಸಣ್ಣ ವಲಯದ ಪತ್ರಿಕೆಗಳೇ, ಪರಿಣಾಮದಲ್ಲಿ ಸಣ್ಣವಲ್ಲ. 1711ರಲ್ಲಿ ಲಂಡನ್ನಿನ ‘ಸ್ಪೆಕ್ಟೇಟರ್’ ದಿನಕ್ಕೆ ಮೂರು ಸಾವಿರ ಪ್ರತಿ ಹೋಗುತ್ತಿದೆಯೆಂದು ಅಡಿಸನ್ ಹೇಳಿಕೊಂಡು, ಪ್ರತಿಯೊಂದಕ್ಕೂ ಇಪ್ಪತ್ತು ಓದುಗರೆಂದು ಗುಣಿಸಿದ. ಅದು ಹೆಮ್ಮೆಯ ಲೆಕ್ಕವಿರಬಹುದು. ಕಾಫಿಮನೆಗಳಲ್ಲಿ ಪ್ರತಿ ಕೈಯಿಂದ ಕೈಗೆ ಹೋಗುತ್ತಿತ್ತೆಂಬುದು ಸುಳ್ಳಲ್ಲ. ನಮ್ಮಲ್ಲಿ ಆ ಕೆಲಸವನ್ನು ಮಾಡಿದವು ಶಾಲೆ ಕಾಲೇಜುಗಳು. 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟದ್ದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳಂಥ ಅಧ್ಯಾಪಕರ ಪರಿಶ್ರಮದಿಂದ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆವರಣದಲ್ಲಿ ಕನ್ನಡದ ಪತ್ರಿಕೆಗೆ ವಿದ್ಯಾರ್ಥಿಗಳನ್ನು ಓದುಗರನ್ನಾಗಿ, ಮುಂದೆ ಲೇಖಕರನ್ನಾಗಿ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ಇಂದಿಗೂ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಒಬ್ಬ ಅಧ್ಯಾಪಕ ಒಂದು ಲೇಖನವನ್ನು ತರಗತಿಯಲ್ಲಿ ಓದಿ ಹೇಳಿದರೆ ಅದು ನೂರು ಜಾಹೀರಾತಿಗಿಂತ ಮಿಗಿಲು.

ಆದುದರಿಂದ ಹೊಸ ಪತ್ರಿಕೆ ಹೊರಡಿಸುವವರು ಬಿಡುಗಡೆಯ ಸಮಾರಂಭಕ್ಕೆ ಮುನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ನಮ್ಮ ಓದುಗ ಯಾರು? ಅವನು ಬೇರೆಲ್ಲಿಯೂ ಪಡೆಯಲಾರದ ಯಾವ ವಸ್ತುವನ್ನು ನಾವು ಕೊಡುತ್ತೇವೆ? ಮೊದಲ ಸಂಚಿಕೆ ಹೊರಡುವಾಗ ಮುಂದಿನ ಮೂರು ಸಂಚಿಕೆಗಳ ಬರೆಹ ಕೈಯಲ್ಲಿದೆಯೆ? ಹೇಳಿದ ದಿನಕ್ಕೆ ತಪ್ಪದೆ ಬರುವ ಇಪ್ಪತ್ತನಾಲ್ಕು ಪುಟ, ಬಂದರೆ ಬಂತು ಎನ್ನಿಸುವ ನೂರ ಐವತ್ತು ಪುಟಕ್ಕಿಂತ ಮೇಲು. ಗೌರವ ಪ್ರತಿಗಳ ಪಟ್ಟಿಯನ್ನು ಮೊಟಕು ಮಾಡಿ, ಅಷ್ಟೇ ಪ್ರತಿಗಳನ್ನು ನಮ್ಮ ಹೆಸರನ್ನೇ ಕೇಳದ ಊರುಗಳ ಶಾಲೆ ಕಾಲೇಜುಗಳಿಗೆ ಕಳುಹಿಸುವುದು ಲೇಸು. ಓದುಗರ ಪತ್ರಗಳಲ್ಲಿ ಹೊಗಳಿಕೆಯನ್ನು ಬಿಟ್ಟು ತಕರಾರನ್ನು ಪ್ರಕಟಿಸಿದರೆ ಆ ಅಂಕಣವನ್ನು ಜನ ಮೊದಲು ಓದುತ್ತಾರೆ. ತಮ್ಮ ಮಾತಿಗೆ ಬೆಲೆಯಿದೆಯೆಂದು ತಿಳಿದವರು ಚಂದಾ ಮುಂದುವರಿಸುತ್ತಾರೆ.

ಓದುವ ನಮ್ಮ ಪಾಲಿಗೂ ಒಂದು ಕರ್ತವ್ಯವಿದೆ. ಪತ್ರಿಕೆ ನಿಂತ ಮೇಲೆ ಶೋಕಿಸಿ ಬರೆಯುವ ಲೇಖನಕ್ಕಿಂತ, ನಡೆಯುತ್ತಿರುವಾಗ ಕಳುಹಿಸಿದ ಒಂದು ವರ್ಷದ ಚಂದಾ ಅದಕ್ಕೆ ಹೆಚ್ಚು ಉಪಕಾರಿ. ‘ಓದುಗರಿಲ್ಲ’ ಎಂದು ಸಂಪಾದಕರು, ‘ಓದುವಂಥದಿಲ್ಲ’ ಎಂದು ಓದುಗರು ಹೇಳುತ್ತ ಕುಳಿತರೆ ನಷ್ಟ ಇಬ್ಬರಿಗೂ ಅಲ್ಲ. ಯಾವುದೋ ಊರಿನಲ್ಲಿ ಮೊದಲ ಕತೆಯನ್ನು ಬರೆದಿಟ್ಟುಕೊಂಡು, ಅದನ್ನು ಯಾವ ವಿಳಾಸಕ್ಕೆ ಕಳುಹಿಸುವುದೆಂದು ತಿಳಿಯದೆ ಕುಳಿತಿರುವ ಹುಡುಗಿಗೆ.